ಐದು ಸ್ಟಾರ್ ಗೀಸರ್ ಮತ್ತು ಕಡಿಮೆಯಾಗದ ಬಿಲ್

ಚಳಿಗಾಲ ಬಂತೆಂದರೆ ನನ್ನ ಅಂಚೆಗೆ ಗೀಸರ್ ಪತ್ರಗಳ ಕಾಟ ಶುರುವಾಗುತ್ತದೆ. ಪ್ರತಿ ವರ್ಷವೂ ಅದೇ ಪ್ರಶ್ನೆ, ಅದೇ ಆಕ್ಷೇಪ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಟ್ಟು ಮುಗಿಸುತ್ತೇನೆ. ಉಳಿದವರು ಕ್ಷಮಿಸಬೇಕು.

ಪ್ರಶ್ನೆ: ನಾಲ್ಕು ಸ್ಟಾರ್‌ನ ಫ್ರಾಸ್ಟ್ ಫ್ರೀ ಫ್ರಿಜ್ ಒಳ್ಳೆಯದೋ, ಮೂರು ಸ್ಟಾರ್‌ನ ಒಂದು ಬಾಗಿಲಿನ ಸಾದಾ ಫ್ರಿಜ್ ಒಳ್ಳೆಯದೋ?

ಉತ್ತರ: ಇವೆರಡಕ್ಕೂ ಸ್ಟಾರ್ ಕೊಡುವ ಪಟ್ಟಿಗಳೇ ಬೇರೆ ಬೇರೆ, ಹಾಗಾಗಿ ಸ್ಟಾರ್ ಹೋಲಿಸುವುದರಲ್ಲಿ ಅರ್ಥವಿಲ್ಲ. ಲೇಬಲ್‌ನಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಅಚ್ಚು ಹಾಕಿರುತ್ತಾರಲ್ಲ, ಅದನ್ನು ಹೋಲಿಸಿ.

ಪ್ರಶ್ನೆ: ನಾವು ನಾಲ್ವರು. ಮನೆ ದುರಸ್ತಿ ಮಾಡಿಸಿದಾಗ ಹಳೆಯ ಗೀಸರ್ ತೆಗೆದು 25 ಲೀಟರಿನ ಐದು ಸ್ಟಾರ್ ಗೀಸರ್ ಹಾಕಿಸಿದೆವು. ಕರೆಂಟು ಅರ್ಧಕ್ಕರ್ಧ ಉಳಿಯುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಮೊದಲು 165 ಯೂನಿಟ್ ಆಸುಪಾಸಿನಲ್ಲಿದ್ದ ತಿಂಗಳ ಬಳಕೆ ಈಗ 220 ದಾಟಿದೆ. ಗೃಹಜ್ಯೋತಿಯೂ ಕೈತಪ್ಪಿತು. ಮೆಕ್ಯಾನಿಕ್ ಬಂದು ನೋಡಿ, ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಕರೆಂಟು ತಿನ್ನುತ್ತಿದೆ, ಸ್ವಚ್ಛ ಮಾಡಿಸಿ ಎನ್ನುತ್ತಿದ್ದಾರೆ. ಲೇಬಲ್‌ನ ಚಿತ್ರ ಕಳಿಸಿದ್ದೇನೆ. ಇದು ನಕಲಿ ಸ್ಟಾರ್ ಇರಬಹುದೇ?

ಉತ್ತರ: ಸ್ಟಾರ್ ಅಸಲಿಯೇ. ಅದು ಏನನ್ನು ಅಳೆಯುತ್ತದೆ ಎಂಬುದನ್ನು ಮಾತ್ರ ಯಾರೂ ನಿಮಗೆ ಹೇಳಿಲ್ಲ. ನೀವು ಕಳಿಸಿದ ಚಿತ್ರವನ್ನೇ ದೊಡ್ಡದು ಮಾಡಿ ನೋಡಿ. ಅಲ್ಲಿ ಬರೆದಿರುವುದು 24 ಗಂಟೆಯ ಸ್ಥಾಯಿ ನಷ್ಟ. ಒಳಗಿನ ನೀರನ್ನು ಹೊರಗಿನ ಗಾಳಿಗಿಂತ 45 ಡಿಗ್ರಿ ಹೆಚ್ಚು ಬಿಸಿಯಾಗಿಟ್ಟು, ಹನಿ ನೀರನ್ನೂ ಬಳಸದೆ ಒಂದು ದಿನ ಬಿಟ್ಟರೆ, ತೊಟ್ಟಿಯ ಮೈಯಿಂದ ಸೋರುವ ಶಾಖವನ್ನು ತುಂಬಿಕೊಡಲು ಎಷ್ಟು ಕರೆಂಟು ಬೇಕು ಎಂಬ ಲೆಕ್ಕ ಅದು. ನೀರು ಕಾಯಿಸುವ ಖರ್ಚಿಗೂ ಆ ಸ್ಟಾರ್‌ಗೂ ಸಂಬಂಧವಿಲ್ಲ. ಫ್ಲಾಸ್ಕ್ ಎಷ್ಟೇ ಒಳ್ಳೆಯದಿದ್ದರೂ ಕಾಫಿ ಕಾಯಿಸಲು ಒಲೆ ಹಚ್ಚಲೇಬೇಕು.

25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು ಒಂದು ಯೂನಿಟ್ ಬೇಕು. ಒಂದು ಸ್ಟಾರ್ ಇದ್ದರೂ ಅಷ್ಟೇ, ಐದಿದ್ದರೂ ಅಷ್ಟೇ. 2 ಕಿಲೋವ್ಯಾಟ್‌ನದು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ, 3 ಕಿಲೋವ್ಯಾಟ್‌ನದು ಇಪ್ಪತ್ತು ನಿಮಿಷ. ಯೂನಿಟ್ ಬದಲಾಗುವುದಿಲ್ಲ. ಅಂಗಡಿಯವರ "ಅರ್ಧಕ್ಕರ್ಧ" ಸೋರಿಕೆಗೆ ಮಾತ್ರ ಅನ್ವಯಿಸುವ ಮಾತು. ದಿನವಿಡೀ ಸ್ವಿಚ್ ಹಾಕಿಯೇ ಬಿಡುವ ಮನೆಗೆ, ಅತಿಥಿಗೃಹಕ್ಕೆ ಅದರಿಂದ ಲಾಭವುಂಟು. ಬೆಳಿಗ್ಗೆ ಅರ್ಧ ಗಂಟೆ ಹಾಕಿ, ಸ್ನಾನ ಮುಗಿಸಿ ಆರಿಸುವ ಮನೆಯಲ್ಲಿ ಉಳಿಯುವುದು ಚಿಲ್ಲರೆ.

ಹಾಗಾದರೆ ಬಿಲ್ ಏರಿದ್ದೇಕೆ? ಅದಕ್ಕೂ ನಿಮ್ಮ ಚಿತ್ರದಲ್ಲೇ ಉತ್ತರವಿದೆ. ಗೀಸರ್‌ನ ಕೆಳಗೆ, ಎಡ ಮೂಲೆಯಲ್ಲಿ, ಊಟದ ತಟ್ಟೆಯಗಲದ ಹೊಸ ಶವರ್ ಇಣುಕುತ್ತಿದೆ. ನಲ್ಲಿಯ ಪಕ್ಕ ಮಗುಚಿಟ್ಟ ಬಕೆಟ್‌ನ ತಳ ಒಣಗಿದೆ. ಪತ್ರದಲ್ಲಿ ಇದರ ಸುದ್ದಿಯೇ ಇಲ್ಲ!

18 ಲೀಟರಿನ ಒಂದು ಬಕೆಟ್ ನೀರನ್ನು 40 ಡಿಗ್ರಿಗೆ ತರಲು ಯೂನಿಟ್‌ನ ಮೂರನೇ ಒಂದು ಭಾಗವೂ ಬೇಡ. ನಾಲ್ವರದು ಸೇರಿ ದಿನಕ್ಕೆ ಒಂದೂಕಾಲು ಯೂನಿಟ್. ಅಂಥ ಶವರ್ ನಿಮಿಷಕ್ಕೆ 10 ಲೀಟರ್ ಸುರಿಸುವುದು ದೊಡ್ಡ ಮಾತಲ್ಲ. ಎಂಟು ನಿಮಿಷ ನಿಂತರೆ 80 ಲೀಟರ್, ಸುಮಾರು 1.4 ಯೂನಿಟ್. ಒಬ್ಬರ ಶವರ್ ಸ್ನಾನ ಮನೆಮಂದಿಯ ಬಕೆಟ್ ಸ್ನಾನವನ್ನೆಲ್ಲ ಮೀರಿಸುತ್ತದೆ. ಮನೆಯಲ್ಲಿ ಇಬ್ಬರು ಶವರ್‌ಗೆ ಒಗ್ಗಿಕೊಂಡರೂ ತಿಂಗಳಿಗೆ 60 ಯೂನಿಟ್ ಏರಲು ಅಷ್ಟು ಸಾಕು. ಡಿಸೆಂಬರಿನಲ್ಲಿ ಟ್ಯಾಂಕಿನ ನೀರು 25 ಡಿಗ್ರಿಯೂ ಇರುವುದಿಲ್ಲ, ಆಗ ಇನ್ನೂ ಹೆಚ್ಚು. 200 ಯೂನಿಟ್ ದಾಟಿದ ತಿಂಗಳು ಗೃಹಜ್ಯೋತಿಯಲ್ಲಿ ಮೇಲಿನ 20 ಯೂನಿಟ್‌ಗೆ ಮಾತ್ರವಲ್ಲ, ಪೂರ್ತಿ ಬಳಕೆಗೆ ಹಣ ಕಟ್ಟಬೇಕು. ನಿಮಗೆ ಬಿಸಿ ತಟ್ಟಿರುವುದು ಅಲ್ಲಿ.

ಇನ್ನು ಆ ಮೆಕ್ಯಾನಿಕ್. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇರುವವರೆಗೆ ಇವರ ವ್ಯಾಪಾರ ನಡೆಯುತ್ತದೆ. ಕಾಯಿಲ್ ಮುಳುಗಿರುವುದು ನೀರಿನಲ್ಲಿ. ಮೇಲೆ ಎಷ್ಟೇ ಉಪ್ಪು ಕಟ್ಟಿದರೂ ಅದರ ಶಾಖ ನೀರಿಗಲ್ಲದೆ ಇನ್ನೆಲ್ಲಿಗೆ ಹೋಗಬೇಕು? ಉಪ್ಪಿನಿಂದ ಬಿಲ್ ಏರುವುದಿಲ್ಲ, ಕಾಯಿಲ್ ತಾನೇ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಗಡಸು ನೀರಿನ ಊರಿನಲ್ಲಿ ಸ್ವಚ್ಛ ಮಾಡಿಸುವುದು ಗೀಸರ್‌ನ ಆಯುಸ್ಸಿಗೆ ಒಳ್ಳೆಯದು. ಆದರೆ ಬಿಲ್ ಇಳಿಯುತ್ತದೆ ಎಂದು ಹಣ ಕೊಡಬೇಡಿ. ಬಂದವರ ಕೈಯಲ್ಲಿ ಒಳಗಿನ ಮೆಗ್ನೀಸಿಯಂ ಸರಳನ್ನೂ ಸುರಕ್ಷತಾ ವಾಲ್ವನ್ನೂ ಪರೀಕ್ಷೆ ಮಾಡಿಸಿ. ಸರಳು ಸವೆದು ಹೋಗಿದ್ದರೆ ತೊಟ್ಟಿಗೆ ತುಕ್ಕು ಹಿಡಿಯುತ್ತದೆ. ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತದೆ ಎಂದು ಅದರ ಬಾಯಿಗೆ ಬೆಣೆ ಬಡಿದ ಮನೆಗಳನ್ನು ಕಂಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಒತ್ತಡ ಹೊರಹೋಗಲು ಇರುವ ದಾರಿ ಅದೊಂದೇ. ಥರ್ಮೋಸ್ಟಾಟ್ ಇದೆಯೆಂದು ಸ್ವಿಚ್ ಹಾಕಿ ಊರಿಗೆ ಹೋಗುವುದನ್ನೂ ನಾನು ಒಪ್ಪುವುದಿಲ್ಲ. ಅತಿ ಎಚ್ಚರಿಕೆ ಎಂದು ನಗುವವರು ನಗಲಿ.

ಗೀಸರ್ ವಾಪಸು ಮಾಡುವ ಅಗತ್ಯವಿಲ್ಲ. ನಿಮಿಷಕ್ಕೆ ಐದಾರು ಲೀಟರ್ ಬಿಡುವ ಶವರ್ ಹಾಕಿಸಿ. ಇಲ್ಲವೇ ಬಕೆಟ್ ನೆಟ್ಟಗೆ ಮಾಡಿ.

ಪ್ರಶ್ನೆ: ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್‌ನಲ್ಲಿ ಯಾವುದಕ್ಕೆ ಐದು ಸ್ಟಾರ್ ಇದೆ?

ಉತ್ತರ: ಯಾವುದಕ್ಕೂ ಇಲ್ಲ. ಗೀಸರ್‌ನ ಸ್ಟಾರ್ ಲೇಬಲ್ ಇರುವುದು 6ರಿಂದ 200 ಲೀಟರಿನ ಸಂಗ್ರಹ ಗೀಸರ್‌ಗಳಿಗೆ. ಯಾರಾದರೂ ಅಂಟಿಸಿ ಮಾರುತ್ತಿದ್ದರೆ ಬೇರೆ ಅಂಗಡಿಗೆ ಹೋಗಿ.

ಪ್ರಶ್ನೆ: ಪ್ಲಗ್‌ಗೆ ಸಿಕ್ಕಿಸಿದರೆ ಶೇ 40ರಷ್ಟು ಕರೆಂಟು ಉಳಿಸುವ ಪುಟ್ಟ ಪೆಟ್ಟಿಗೆ ಆನ್‌ಲೈನ್‌ನಲ್ಲಿ ಸಿಗುತ್ತಿದೆ. ಕೊಳ್ಳಬಹುದೇ?

ಉತ್ತರ: ಬೇಡ. ಬಿಚ್ಚಿ ನೋಡಿದರೆ ಒಂದು ಕೆಪಾಸಿಟರ್, ಒಂದು ಹಸಿರು ದೀಪ. ಕೆಪಾಸಿಟರ್ ತಿದ್ದುವುದು ಪವರ್ ಫ್ಯಾಕ್ಟರನ್ನು, ಅಂದರೆ ತಂತಿಯಲ್ಲಿ ಹರಿಯುವ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾದ ಕೆಲಸಕ್ಕೆ ಬರುತ್ತದೆ ಎಂಬ ಲೆಕ್ಕವನ್ನು. ನಿಮ್ಮ ಮನೆಯ ಬಿಲ್ ಆಗುವುದು ಕಿಲೋವ್ಯಾಟ್-ಅವರ್, ಅಂದರೆ ಯೂನಿಟ್ ಲೆಕ್ಕದಲ್ಲಿ, ಅದಕ್ಕೆ ಇದರಿಂದ ಏನೂ ಆಗುವುದಿಲ್ಲ. ಹಸಿರು ದೀಪದ ಕರೆಂಟು ಮಾತ್ರ ನಿಮ್ಮ ಖಾತೆಗೆ.

ಪ್ರಶ್ನೆ: ನಾವು ನೋಡಿದ ಫ್ಲ್ಯಾಟ್‌ಗೆ "ಇಂಧನ ದಕ್ಷತೆಯಲ್ಲಿ ಐದು ಸ್ಟಾರ್" ಎಂದು ಬ್ರೋಷರ್‌ನಲ್ಲಿ ಹಾಕಿದ್ದಾರೆ. ನಂಬಬಹುದೇ?

ಉತ್ತರ: ಇಂಧನ ದಕ್ಷತಾ ಬ್ಯೂರೋ ಮನೆಗಳಿಗೂ ಸ್ಟಾರ್ ಕೊಡುವುದು ನಿಜ. ಅದು ನಿಂತಿರುವುದು ವರ್ಷಕ್ಕೆ ಪ್ರತಿ ಚದರ ಮೀಟರಿಗೆ ಎಷ್ಟು ಯೂನಿಟ್ ಎಂಬ ಲೆಕ್ಕದ ಮೇಲೆ. ಹಸಿರು ಕಟ್ಟಡದ ಪ್ಲಾಟಿನಂ, ಗೋಲ್ಡ್ ಪದವಿಗಳು ಬೇರೆ, ಇದು ಬೇರೆ. ಅರ್ಜಿ ಹಾಕಿದ್ದೇವೆ ಎನ್ನುವುದೂ ಲೇಬಲ್ ಸಿಕ್ಕಿದೆ ಎನ್ನುವುದೂ ಒಂದೇ ಅಲ್ಲ, ಪ್ರಮಾಣಪತ್ರ ಕೇಳಿ. ಅದು ಬರುವುದರೊಳಗೆ ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ ಆ ಫ್ಲ್ಯಾಟ್‌ನ ಪಡುವಣ ಕೋಣೆಯಲ್ಲಿ ನಿಂತು ಬನ್ನಿ. ಗಾಜಿನ ಗೋಡೆಯಿದ್ದು, ಹೊರಗೆ ಸಜ್ಜಾ ಇಲ್ಲದಿದ್ದರೆ ಎಸಿಗೂ ಈಗಲೇ ಹಣ ಎತ್ತಿಡಿ.