ಅಲ್ಟಿಮೇಟ್ ಫ್ರಿಸ್ಬೀಯಲ್ಲಿ ಅಬ್ಸರ್ವರ್ ಆಗೋದು ಹೇಗೆ?

ಅಲ್ಟಿಮೇಟ್ ಫ್ರಿಸ್ಬೀ ಅಂದರೆ ಎರಡು ತಂಡಗಳು ಡಿಸ್ಕ್ (ಹಾರುವ ಪ್ಲಾಸ್ಟಿಕ್ ತಟ್ಟೆ) ಎಸೆದು ಹಿಡಿದು ಆಡುವ ಆಟ. ಅಂಪೈರೇ ಇಲ್ಲದ ಈ ಆಟದಲ್ಲಿ ಅಬ್ಸರ್ವರ್‌ಗೆ ಏನು ಕೆಲಸ, ಸಾಗರದಲ್ಲಿದ್ದುಕೊಂಡು ಅದನ್ನು ಕಲಿಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಲಿಯಬಹುದು. ನಾನು ಶಿವಮೊಗ್ಗದಲ್ಲಿ ಭಾನುವಾರ ಬೆಳಿಗ್ಗೆ ಆಡುವ ಒಂದು ಗುಂಪಿನವನು. ಈಗೀಗ ಆಡುವುದಕ್ಕಿಂತ ಗೆರೆಯ ಪಕ್ಕ ನಿಲ್ಲುವುದೇ ನನಗೆ ಜಾಸ್ತಿ ಇಷ್ಟ.

ಅಬ್ಸರ್ವರ್ ಅಂದರೆ ಸೀಟಿ ಊದುವ ರೆಫ್ರಿ ಅಲ್ಲ. ಫೌಲ್ ಅಂತ ಕೂಗಬೇಕಾದವರು ಆಟಗಾರರೇ. ಎದುರಿನವರು ಒಪ್ಪದಿದ್ದರೆ ಇಬ್ಬರೂ ಮಾತಾಡಿಕೊಳ್ಳಬೇಕು. ಆಗಲೂ ಬಗೆಹರಿಯದೆ ನಿಮ್ಮ ಕಡೆ ತಿರುಗಿದರೆ ಮಾತ್ರ ನೀವು ಬಾಯಿ ಬಿಡಬೇಕು. ಡಿಸ್ಕ್ ಒಳಗಾ ಹೊರಗಾ, ಆಫ್‌ಸೈಡ್ ಆಯಿತಾ (ಶುರುವಿನ ಎಸೆತಕ್ಕೆ ಮೊದಲೇ ಯಾರಾದರೂ ತಮ್ಮ ಗೆರೆ ದಾಟಿದರಾ), ಟೈಮ್ ಮುಗಿಯಿತಾ ಅನ್ನುವುದನ್ನು ಯಾರೂ ಕೇಳದಿದ್ದರೂ ಹೇಳಬಹುದು. ಇದು ಅಮೆರಿಕದ ಪದ್ಧತಿ. ಅಲ್ಲಿ ಅಬ್ಸರ್ವರ್ ಹೇಳಿದ್ದೇ ಕೊನೆ. ವಿಶ್ವ ಫ್ಲೈಯಿಂಗ್ ಡಿಸ್ಕ್ ಫೆಡರೇಶನ್‌ನ ಪದ್ಧತಿಯಲ್ಲಿ ಇರುವವರು ಗೇಮ್ ಅಡ್ವೈಸರ್‌ಗಳು. ಅವರು ತಮಗೆ ಕಂಡದ್ದನ್ನು ಹೇಳುತ್ತಾರೆ, ತೀರ್ಮಾನ ಆಟಗಾರರದ್ದೇ. ನಮ್ಮ ಗುಂಪು ಆಡುವುದು ಈ ಫೆಡರೇಶನ್‌ನ ನಿಯಮದಂತೆ. ನೀವೂ ಅಲ್ಲಿಂದಲೇ ಶುರು ಮಾಡಿ. ನಿಯಮ ಓದಿ, ಅವರ ಆನ್‌ಲೈನ್ ಪರೀಕ್ಷೆ ಬರೆಯಿರಿ.

ಆದರೆ ಕಣ್ಣು ಪಳಗುವುದು ಮೈದಾನದಲ್ಲಿ ಮಾತ್ರ. ಒಂದು ಆಷಾಢದ ಬೆಳಿಗ್ಗೆ ನಮ್ಮೊಳಗಿನ ಪಂದ್ಯಕ್ಕೆ ನಾನು ನಿಂತಿದ್ದೆ. ಹಾಕಿದ ಸುಣ್ಣದ ಗೆರೆ ಅರ್ಧ ಗಂಟೆಯಲ್ಲೇ ಮಳೆಗೆ ಕರಗಿಹೋಗಿತ್ತು. ಉಳಿದಿದ್ದು ಮೂಲೆಯ ಕೋನ್‌ಗಳು ಮಾತ್ರ. ಎಂಡ್‌ಝೋನ್ (ಡಿಸ್ಕ್ ಹಿಡಿದರೆ ಗೋಲ್ ಆಗುವ, ಮೈದಾನದ ಕೊನೆಯ ಜಾಗ) ಅಂಚಿನಲ್ಲಿ ಒಬ್ಬ ಹುಡುಗಿ ಹಾರಿ ಡಿಸ್ಕ್ ಹಿಡಿದಳು. ಎಡಗಾಲು ಊರಿ, ಕೆಸರಲ್ಲಿ ಜಾರಿ, ಆಚೆ ಹೋಗಿ ಬಿದ್ದಳು. 'ಔಟ್' ಅಂದ ಡಿಫೆಂಡರ್. 'ಇಲ್ಲ, ಕಾಲು ಒಳಗೇ ಇತ್ತು' ಅಂದಳು ಅವಳು. ಇಬ್ಬರೂ ನನ್ನ ಮುಖ ನೋಡಿದರು. ನಾನು ಡಿಸ್ಕ್ ನೋಡುತ್ತಿದ್ದೆ, ಕಾಲು ನೋಡಿರಲಿಲ್ಲ. 'ನನಗೆ ಕಾಣಲಿಲ್ಲ' ಅಂದೆ. ಜಗಳ ಬಗೆಹರಿಯದ ಕಾರಣ ಡಿಸ್ಕ್ ಎಸೆದವನ ಕೈಗೇ ವಾಪಸ್ ಹೋಯಿತು. ಅಷ್ಟು ಚೆನ್ನಾಗಿ ಹಿಡಿದದ್ದು ಗೋಲ್ ಆಗಲಿಲ್ಲ. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಅಲ್ಟಿಮೇಟ್‌ನಲ್ಲಿ ಡಿಸ್ಕ್ ಗಾಳಿಯಲ್ಲಿ ಗೆರೆ ದಾಟಿದರೆ ಅಷ್ಟಕ್ಕೇ ಔಟ್ ಅಲ್ಲ. ಹಿಡಿದವರು ಮೊದಲು ಎಲ್ಲಿ ಕಾಲೂರಿದರು ಅನ್ನುವುದೇ ಲೆಕ್ಕ. ಅಂಚಿನ ಗೆರೆ ತುಳಿದರೂ ಔಟೇ. ಹಾಗಾಗಿ ಎರಡು ಕೋನ್ ಒಂದರ ಹಿಂದೆ ಒಂದು ಕಾಣುವ ಹಾಗೆ, ಗೆರೆಯ ನೇರಕ್ಕೆ ನಿಲ್ಲಿ. ಕಣ್ಣು ಕಾಲಿನ ಮೇಲಿರಲಿ. ಡಿಸ್ಕ್ ಕೈಗೆ ಬಿದ್ದ ಸದ್ದು ಕಿವಿಗೆ ಕೇಳಿಸುತ್ತದೆ. ಇದು ರೂಢಿಯಾಗಲು ನನಗೆ ಒಂದು ಮಳೆಗಾಲವೇ ಹಿಡಿಯಿತು.

ಇನ್ನೊಂದು ವಿಷಯ, ಸ್ಟಾಲ್ ಎಣಿಕೆ. ಡಿಸ್ಕ್ ಹಿಡಿದವರ ಎದುರು ನಿಂತು ಕಾಯುವ ಡಿಫೆಂಡರ್, ಅಂದರೆ ಮಾರ್ಕ್ ಮಾಡುವವರು, ಜೋರಾಗಿ ಸೆಕೆಂಡ್ ಎಣಿಸುತ್ತಾರೆ. ಹತ್ತು ಅನ್ನುವಷ್ಟರಲ್ಲಿ ಡಿಸ್ಕ್ ಕೈ ಬಿಟ್ಟಿರಬೇಕು. ಮಾರ್ಕ್ ಮಾಡುವವರು ಬೇಗ ಬೇಗ ಎಣಿಸುವುದುಂಟು. ವಾಚ್ ನೋಡಿಕೊಂಡು ಮನಸ್ಸಲ್ಲೇ ಎಣಿಸಿ ಅಭ್ಯಾಸ ಮಾಡಿ, ಮನೆಯಲ್ಲಿ ಕೂತೇ ಕಲಿಯಬಹುದು.

ಹತ್ತಿರದಲ್ಲಿ ಪಂದ್ಯ ಇದ್ದರೆ ಎರಡೂ ಕ್ಯಾಪ್ಟನ್‌ಗಳನ್ನು ಮೊದಲೇ ಕೇಳಿಕೊಂಡು ನಿಲ್ಲಿ. ನಮ್ಮ ಕಡೆ ಮಳೆಯಲ್ಲಿ ಸುಣ್ಣ ನಂಬಬೇಡಿ, ನಾಲ್ಕು ಕೋನ್ ಜಾಸ್ತಿ ಇಟ್ಟುಕೊಳ್ಳಿ.