ಸೆಟ್ ಕೆಟ್ಟಿಲ್ಲ, ಹಾಡೇ ಹಂಗೆ

ಪ್ರಶ್ನೆ: ಇಂಜಿನಿಯರಿಂಗ್ ಓದುತ್ತಿರುವ ಮಗ ರಾತ್ರಿ ಲೈಟ್ ಆರಿಸಿ, ಪಿಂಕ್ ಫ್ಲಾಯ್ಡ್ ಅನ್ನೋ ಇಂಗ್ಲಿಷರ ರಾಕ್ ತಂಡದ 'ಎಕೋಸ್' ಹಾಕಿಕೊಂಡು ಕೂರುತ್ತಾನೆ. ಒಂದೇ ಹಾಡು, 23 ನಿಮಿಷ! ನಡುವೆ ಮಾತೂ ಇಲ್ಲ, ತಾಳವೂ ಇಲ್ಲ. ಗಾಳಿ ಬೀಸುತ್ತೆ, ಯಾವುದೋ ಹಕ್ಕಿ ಚೀರುತ್ತೆ, ಕಾಗೆ ಕೂಗುತ್ತೆ. ಅತ್ತೆ 'ಮೊದಲು ದೀಪ ಹಚ್ಚು' ಅಂತಾರೆ. ಇದೂ ಸಂಗೀತವೇ?
– ಓದುಗರೊಬ್ಬರು, ಮಾಲೂರು

ಉತ್ತರ: ನಿಮ್ಮ ಅತ್ತೆಯವರನ್ನು ನಾನು ಆಡಿಕೊಳ್ಳಲಾರೆ ತಾಯಿ, ನಾನೂ ಬೇಸ್ತು ಬಿದ್ದವನೇ. 80ರ ದಶಕದಲ್ಲಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದು ರೇಡಿಯೋ ರಿಪೇರಿ ಅಂಗಡಿ, ಜೊತೆಗೆ ಮದುವೆ, ಜಾತ್ರೆಗೆ ಮೈಕ್‌ಸೆಟ್. ಗಣಿ ಕ್ವಾರ್ಟರ್ಸಿನ ಹಿರಿಯರೊಬ್ಬರು ಟೇಪ್ ರೆಕಾರ್ಡರ್ ಕೊಟ್ಟುಹೋದರು, ಕ್ಯಾಸೆಟ್ ಒಳಗೇ ಇತ್ತು. ಬೆಲ್ಟ್ ಬದಲಿಸಿ ಹಾಕಿ ನೋಡಿದೆ. ಚೆನ್ನಾಗಿ ಹಾಡುತ್ತಿದ್ದದ್ದು ಇದ್ದಕ್ಕಿದ್ದಂತೆ ಊಳಿಡಲು ಶುರು. ಹೆಡ್ಡಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಎರಡು ಕಂಡೆನ್ಸರ್ ಕಿತ್ತು ಹೊಸದು ಹಾಕಿದೆ. ಊಹೂಂ. ಸಂಜೆ ಬಂದವರು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಸೆಟ್ ಸರಿಯಾಗೇ ಐತಯ್ಯ, ಹಾಡೇ ಹಂಗೆ." ಕಂಡೆನ್ಸರ್ ದುಡ್ಡು ಕೇಳಲು ನನಗೆ ಬಾಯಿ ಬರಲಿಲ್ಲ.

ಚೀರುವುದು ಹಕ್ಕಿಯಲ್ಲ, ತಂಡದ ಡೇವಿಡ್ ಗಿಲ್ಮೋರ್ ಅವರ ಗಿಟಾರು. ವಾ-ವಾ ಪೆಡಲ್ ಅಂತ ಕಾಲಲ್ಲಿ ತುಳಿಯುವ ಡಬ್ಬಿಯೊಂದಿದೆ. ಅದರ ಒಂದು ತೂತಿಗೆ ಗಿಟಾರಿನ ವೈರು, ಇನ್ನೊಂದಕ್ಕೆ ಆಂಪ್ಲಿಫೈಯರಿನ ವೈರು. ಎರಡನ್ನೂ ಅದಲುಬದಲು ಚುಚ್ಚಿದರೆ ತಂತಿ ಮುಟ್ಟದಿದ್ದರೂ ಕೂಗು ಏಳುತ್ತದೆ, ಗಿಟಾರಿನ ಗುಂಡಿ ತಿರುವಿದಂತೆ ಏರುತ್ತದೆ, ಇಳಿಯುತ್ತದೆ. ಮದುವೆಮನೆಯಲ್ಲಿ ನನ್ನ ಹುಡುಗ ಹೀಗೆ ವೈರು ಚುಚ್ಚಿದ್ದರೆ ತಲೆಗೆ ಮೊಟಕುತ್ತಿದ್ದೆ. ಇವರು ಅದನ್ನೇ ರೆಕಾರ್ಡ್ ಮಾಡಿಕೊಂಡರು. ಕಾಗೆ ಜಾತಿಯ ಕೂಗು ಮಾತ್ರ ನಿಜವಾದ ಹಕ್ಕಿಯದು, ಬೇರೆ ಟೇಪಿನಿಂದ ತಂದು ಸೇರಿಸಿದ್ದು.

ಆರಂಭದಲ್ಲಿ ನೀರ ಹನಿ ಬಿದ್ದಂತೆ 'ಟಿಣ್' ಅನ್ನುತ್ತದಲ್ಲ, ಅದು ತಂಡದ ಇನ್ನೊಬ್ಬರು, ರಿಕ್ ರೈಟ್, ಒತ್ತಿದ ಪಿಯಾನೋದ ಒಂದೇ ಒಂದು ಕೀ. ಅದನ್ನು ಲೆಸ್ಲಿ ಸ್ಪೀಕರಿಗೆ ಕೊಟ್ಟಿದ್ದಾರೆ. ಮರದ ಪೆಟ್ಟಿಗೆ, ಅದರೊಳಗೆ ಮೋಟಾರಿನಲ್ಲಿ ತಿರುಗುವ ಹಾರನ್. ಎಲೆಕ್ಷನ್ ಆಟೋ ಸರ್ಕಲ್ ಸುತ್ತುವಾಗ ದನಿ ಹತ್ತಿರ ಬಂದು ದೂರ ಹೋಗುತ್ತದಲ್ಲ, ಅದೇ ಕೆಲಸ ಒಂದು ಪೆಟ್ಟಿಗೆಯೊಳಗೆ.

1971ರ 'ಮೆಡಲ್' ಎಲ್‌ಪಿಯ ಇಡೀ ಎರಡನೇ ಮಗ್ಗುಲು ಇದೊಂದೇ ಹಾಡು. ರೆಕಾರ್ಡಿಂಗಿಗೆ ಕೂತಾಗ ತಂಡದ ಹತ್ತಿರ ಹಾಡೇ ಇರಲಿಲ್ಲವಂತೆ. ತೋಚಿದ ತುಣುಕುಗಳಿಗೆ 'ನಥಿಂಗ್' ಎಂದೇ ಹೆಸರಿಟ್ಟು, ಆಮೇಲೆ ಹೊಸೆದದ್ದು. ಆ ಎಲ್‌ಪಿಯ ಹೊದಿಕೆಯ ಮೇಲಿರುವುದು ನೀರಿನೊಳಗಿನ ಕಿವಿ. ಹೇಳದಿದ್ದರೆ ದೇವರಾಣೆ ಗೊತ್ತಾಗಲ್ಲ.

ತಾಳವಿಲ್ಲ ಅಂದಿರಿ. ಆಲಾಪನೆಗೆ ತಾಳ ಎಲ್ಲಿದೆ? ಆದರೆ ಇಲ್ಲಿ ಹಿಡಿದುಕೊಳ್ಳಲು ರಾಗವೂ ಇಲ್ಲ, ಒಪ್ಪುತ್ತೇನೆ. ಅಂತರಗಂಗೆ ಬೆಟ್ಟದ ಗವಿಗಳಲ್ಲಿ ತೆವಳಿಕೊಂಡು ಹೋಗಿದ್ದೀರಾ? ನಡುವೆ ಒಂದು ಕಡೆ ಬೆಳಕು ಪೂರಾ ಹೋಗಿ, ಗಾಳಿ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. 11ನೇ ನಿಮಿಷ ದಾಟಿದ ಮೇಲೆ ಈ ಹಾಡೂ ಹಾಗೇ. ಸ್ವಲ್ಪ ಉದ್ದವಾಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆಮೇಲೆ ಅದೇ 'ಟಿಣ್' ವಾಪಸ್ಸು ಬರುತ್ತದೆ.

ಒಂದು ರಾತ್ರಿ ಮಗನ ಪಕ್ಕ ಕೂತು ಅಲ್ಲಿಯವರೆಗೆ ತಡೆದುಕೊಳ್ಳಿ. ಅತ್ತೆಯವರು ಬೇಕಾದರೆ ದೀಪ ಹಚ್ಚಿಕೊಂಡೇ ಕೇಳಲಿ.