ವಾಚು 28 ತೋರಿಸಿದರೆ ಹೃದಯ ಸೋತಿದೆಯೇ?

ಪ್ರಶ್ನೆ: ನನಗೆ 54 ವರ್ಷ, ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ. ಮಗ ಕೊಡಿಸಿದ ಸ್ಮಾರ್ಟ್‌ವಾಚು ಬೆಳಿಗ್ಗೆ ಎದ್ದ ತಕ್ಷಣ ‘ಎಚ್‌ಆರ್‌ವಿ 28’ ಎನ್ನುತ್ತದೆ. ಅದು ಆರ್‌ಎಂಎಸ್‌ಎಸ್‌ಡಿ ಲೆಕ್ಕವಂತೆ. ಮಗನ ಆಪಲ್ ವಾಚಿನಲ್ಲಿ 60 ದಾಟುತ್ತದೆ. ನಾಡಿ ನಿಮಿಷಕ್ಕೆ 70ರ ಆಸುಪಾಸು ಇದೆ. ಹೃದಯ ಸೋತಿದೆಯೇ? ಪ್ರಾಣಾಯಾಮ ಮಾಡಿದರೆ ಈ ಅಂಕಿ ಏರುತ್ತದೆಯೇ?

ಉತ್ತರ: ಹೃದಯ ಸೋತಿದೆ ಎಂದು ಆ 28 ಹೇಳುತ್ತಿಲ್ಲ ಸ್ವಾಮಿ. ಎಚ್‌ಆರ್‌ವಿ ಎಂದರೆ ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರ ಎಷ್ಟು ಏರಿಳಿಯುತ್ತದೆ ಎಂಬುದರ ಅಳತೆ, ಮಿಲಿಸೆಕೆಂಡಿನಲ್ಲಿ. ಮೊದಲು ಮಗನ ವಾಚನ್ನು ಪಕ್ಕಕ್ಕಿಡಿ. ಆಪಲ್ ವಾಚು ಕೊಡುವುದು ಎಸ್‌ಡಿಎನ್‌ಎನ್ ಎಂಬ ಬೇರೆಯೇ ಲೆಕ್ಕ. ಗಜದಲ್ಲಿ ಅಳೆದ ಬಟ್ಟೆಗೂ ಮೀಟರಿನಲ್ಲಿ ಅಳೆದ ಬಟ್ಟೆಗೂ ಬರೀ ಅಂಕಿ ನೋಡಿ ಬೆಲೆ ಕಟ್ಟುತ್ತೀರಾ? ಮೇಲಾಗಿ ವಯಸ್ಸಾದಂತೆ ಈ ಅಂಕಿ ಸಾಮಾನ್ಯವಾಗಿ ಇಳಿಯುತ್ತದೆ. ಮಗನ ಜೊತೆ ಪೈಪೋಟಿ ಬೇಡ.

ನಾಡಿ 70 ಎಂದರೆ ಬಡಿತಗಳು ಸಮ ಅಂತರದಲ್ಲಿ ಬೀಳುತ್ತವೆ ಎಂದಲ್ಲ. ನಿಮ್ಮ ಐದು ಅಂತರಗಳು ಹೀಗಿವೆ ಎಂದುಕೊಳ್ಳಿ: 840, 870, 850, 820, 850 ಮಿಲಿಸೆಕೆಂಡು. ಒಂದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸ 30, 20, 30, 30. ಇವುಗಳ ವರ್ಗಗಳನ್ನು ಕೂಡಿದರೆ 3100, ನಾಲ್ಕರಿಂದ ಭಾಗಿಸಿದರೆ 775, ಅದರ ವರ್ಗಮೂಲ ಹತ್ತಿರ ಹತ್ತಿರ 28. ಆರ್‌ಎಂಎಸ್‌ಎಸ್‌ಡಿ ಎಂದರೆ ಇದೇ. ವಾಚು ಮಾಡುವುದು ಇದನ್ನೇ, ನೂರಾರು ಬಡಿತಗಳ ಮೇಲೆ. ಇಸಿಜಿ ಕಾಗದದಲ್ಲಿ ಒಂದು ಚಿಕ್ಕ ಚೌಕ ಎಂದರೆ 40 ಮಿಲಿಸೆಕೆಂಡು. ಈ ವ್ಯತ್ಯಾಸ ಅದಕ್ಕಿಂತಲೂ ಕಮ್ಮಿ. ಶರೀರಕ್ರಿಯಾಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ನನ್ನ ವಿದ್ಯಾರ್ಥಿಗಳು ಸ್ಕೇಲು ಹಿಡಿದು ಕಣ್ಣು ಕಿರಿದು ಮಾಡಿದರೂ ಕೈಗೆ ಸಿಗುತ್ತಿರಲಿಲ್ಲ.

ಈ ಏರಿಳಿತ ಬಹುಪಾಲು ವೇಗಸ್ ನರದ ಕೆಲಸ; ಮಿದುಳಿನಿಂದ ಹೃದಯಕ್ಕೆ ಇಳಿದು ಬಡಿತವನ್ನು ಹಿಡಿದಿಡುವ ನರ ಅದು. ಉಸಿರು ಎಳೆದುಕೊಂಡಾಗ ಅದರ ಹಿಡಿತ ಸಡಿಲವಾಗಿ ನಾಡಿ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಜರ್ಮನಿಯ ಶರೀರಕ್ರಿಯಾಶಾಸ್ತ್ರಜ್ಞ ಕಾರ್ಲ್ ಲುಡ್ವಿಗ್ ಇದನ್ನು 1847ರಲ್ಲೇ ದಾಖಲಿಸಿದ್ದ. ಜ್ವರ, ನಿದ್ದೆಗೇಡು, ರಾತ್ರಿಯ ಎರಡು ಪೆಗ್ಗು, ಇವೆಲ್ಲ ಆ ನರದ ಹಿಡಿತವನ್ನು ತಗ್ಗಿಸಿ ಅಂಕಿಯನ್ನು ಇಳಿಸುತ್ತವೆ. (ಹಬ್ಬದ ಸೀಸನ್ನಿನ ವ್ಯಾಪಾರವೂ ಇಳಿಸೀತು!)

ಈ ಲೆಕ್ಕಕ್ಕೆ ವಾಚು ಸಾಮಾನ್ಯವಾಗಿ ಹೃದಯದ ವಿದ್ಯುತ್ತನ್ನು ನೋಡುವುದಿಲ್ಲ. ಹಸಿರು ಬೆಳಕು ಬಿಟ್ಟು ಚರ್ಮದಡಿಯ ರಕ್ತದ ಅಲೆಯನ್ನು ಎಣಿಸುತ್ತದೆ. ಕೈ ಅಲುಗಿದರೆ, ಪಟ್ಟಿ ಸಡಿಲವಿದ್ದರೆ ಲೆಕ್ಕ ಕೆಡುತ್ತದೆ. ಎದೆಗೆ ಕಟ್ಟುವ ಪಟ್ಟಿಯೋ ಇಸಿಜಿಯೋ ಹೆಚ್ಚು ನಂಬಿಕೆಗೆ ಯೋಗ್ಯ. ಯುರೋಪು ಮತ್ತು ಉತ್ತರ ಅಮೆರಿಕದ ತಜ್ಞರು 1996ರಲ್ಲಿ ಗೊತ್ತುಮಾಡಿದ ಪದ್ಧತಿಯಲ್ಲಿ ಇದನ್ನು 5 ನಿಮಿಷ ಅಥವಾ 24 ಗಂಟೆ ದಾಖಲಿಸಿ ಅಳೆಯುತ್ತಾರೆ. ಎದ್ದ ಕೂಡಲೇ ಒಂದು ಸಲ ಕಂಡ ಅಂಕಿಗಿಂತ ವಾರದ ರಾತ್ರಿಗಳ ಸರಾಸರಿ ನೋಡಿ, ಅದನ್ನು ನಿಮ್ಮದೇ ಹಿಂದಿನ ವಾರಗಳಿಗೆ ಹೋಲಿಸಿ.

ಪ್ರಾಣಾಯಾಮದ ಬಗ್ಗೆ: ನಿಮಿಷಕ್ಕೆ ಆರು ಉಸಿರಿನಂತೆ ಕೂತರೆ ಅಂಕಿ ಆ ಹೊತ್ತಿಗೆ ಜಿಗಿಯುತ್ತದೆ. ಉಸಿರಿನ ಅಲೆ ದೊಡ್ಡದಾದದ್ದಕ್ಕೆ ಬಂದ ಏರಿಕೆ ಅದು, ಹೃದಯ ಹೊಸದಾದದ್ದಕ್ಕಲ್ಲ. ಅಭ್ಯಾಸ ಒಳ್ಳೆಯದೇ, ಮಾಡಿ. ಅಳೆಯುವಾಗ ಮಾತ್ರ ಸಹಜವಾಗಿ ಉಸಿರಾಡಿ.

ಅಂಕಿ ಏರಿದ್ದೆಲ್ಲ ಶುಭವೂ ಅಲ್ಲ. ಹೃದಯದ ಮೇಲಿನ ಕೋಣೆಗಳು ತಾಳವಿಲ್ಲದೆ ಅದುರುವ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಬಡಿತ ಅಡ್ಡಾದಿಡ್ಡಿಯಾಗಿ ಇದೇ ಎಚ್‌ಆರ್‌ವಿ ವಿಪರೀತ ಏರಿಬಿಡುತ್ತದೆ. ನಿಮಗೆ ಸಕ್ಕರೆ ಕಾಯಿಲೆ ಇದೆಯೇ, ಬಿಪಿಗೆ ಮಾತ್ರೆ ನುಂಗುತ್ತೀರಾ ಎಂದು ನೀವು ಬರೆದಿಲ್ಲ. ಹಳೆಯ ಸಕ್ಕರೆ ಕಾಯಿಲೆ ಈ ನರಗಳನ್ನೇ ಸವೆಸುತ್ತದೆ. ಅಂಥವರು ಎದ್ದು ನಿಂತಾಗ ತಲೆ ತಿರುಗಿದರೆ ವೈದ್ಯರಿಗೆ ಹೇಳಬೇಕು. ಮಣಿಕಟ್ಟಿನಲ್ಲಿ ಬೆರಳಿಟ್ಟಾಗ ನಾಡಿ ತಾಳ ತಪ್ಪಿದಂತೆ ಕಂಡರೆ ವಾಚು ಏನೇ ಹೇಳಲಿ, ಒಂದು ಇಸಿಜಿ ಮಾಡಿಸಿ.